ಬಣ್ಣ ಮಾಸುವುದು ಬಿಸಿಲಿಗೆ, ಉಳಿಯುವುದು ಯಾರ ತೀರ್ಮಾನಕ್ಕೆ?

ಅರಿಶಿನ, ಬಸಳೆ ಹಣ್ಣು, ಕಬ್ಬಿಣದ ಲವಣ, ಒಂದಿಷ್ಟು ಬಿಸಿಲು. ಇಷ್ಟರಲ್ಲೇ ಚಿತ್ರ ಮೂಡಿಸುವ ಪ್ರಯೋಗಗಳ ಹಿಂದೆ ಸ್ವಲ್ಪ ರಸಾಯನಶಾಸ್ತ್ರ ಇದೆ, ಸಾಕಷ್ಟು ರಾಜಕೀಯವೂ ಇದೆ.

ಬಿಳಿ ಅಂಗಿಯ ಮೇಲೆ ಸಾರು ಚೆಲ್ಲಿದರೆ ಏನು ಮಾಡಬೇಕು ಅಂತ ಎಲ್ಲರ ಮನೆಯಲ್ಲೂ ಗೊತ್ತು: ಸೋಪು ಹಚ್ಚಿ ಬಿಸಿಲಿಗೆ ಹಾಕಬೇಕು. ಸೋಪು ತಾಗಿದ ಕೂಡಲೇ ಹಳದಿ ಕಲೆ ಕೆಂಪಗಾಗಿ ಒಂದು ಕ್ಷಣ ಗಾಬರಿ ಹುಟ್ಟಿಸುತ್ತೆ. ಒಳ್ಳೆ ಬಿಸಿಲಿದ್ದರೆ ಸಂಜೆ ಹೊತ್ತಿಗೆ ಕಲೆ ಬಹುಪಾಲು ಮಾಯ. ಇದರಲ್ಲಿ ಸೋಪಿನ ಪಾತ್ರ ಅರ್ಧ, ಬಿಸಿಲಿನ ಪಾತ್ರ ಇನ್ನರ್ಧ. ಅರಿಶಿನಕ್ಕೆ ಬಣ್ಣ ಕೊಡುವ ಕರ್ಕ್ಯುಮಿನ್ ಎಂಬ ಅಣುವನ್ನು ಬೆಳಕು ಒಡೆದು ಹಾಕುತ್ತೆ.

ಈಗ ಅರಿಶಿನ ಬಳಿದ ಒಂದು ಕಾಗದದ ಮೇಲೆ ಅರಳಿ ಎಲೆ ಇಟ್ಟು ಬಿಸಿಲಿಗೆ ಹಿಡಿದಿದ್ದೀರಿ ಅಂದುಕೊಳ್ಳಿ. ಎಲೆಯ ಸುತ್ತ ಬಣ್ಣ ಮಾಸುತ್ತೆ, ಎಲೆಯ ಅಡಿಯಲ್ಲಿ ಹಳದಿ ಹಾಗೇ ಇರುತ್ತೆ. ಎಲೆ ತೆಗೆದರೆ ಕಾಗದದ ಮೇಲೆ ಹಳದಿ ಎಲೆಯ ಚಿತ್ರ. ಕ್ಯಾಮೆರಾ ಇಲ್ಲ, ಕುಂಚ ಇಲ್ಲ. ಬೆಳಕೇ ಬಿಡಿಸಿದ ಚಿತ್ರ ಅದು. ಇದನ್ನು ಆಂಥೋಟೈಪ್ ಅಂತಾರೆ. ಹೂವಿಗಿರುವ ಗ್ರೀಕ್ ಪದದಿಂದ ಬಂದ ಹೆಸರು.

ಆದರೆ ಒಂದು ತೊಡಕಿದೆ. ಆ ಚಿತ್ರವನ್ನು ಗೋಡೆಗೆ ತೂಗುಹಾಕಿದರೆ ಅದನ್ನು ನೋಡಲು ಬೆಳಕು ಬೇಕು. ಆ ಬೆಳಕೇ ಉಳಿದ ಹಳದಿಯನ್ನೂ ನಿಧಾನಕ್ಕೆ ತಿನ್ನುತ್ತಾ ಹೋಗುತ್ತೆ. ನೋಡಿದಷ್ಟೂ ಅಳಿಯುವ ಚಿತ್ರ. ಬೆಳಕಿಗೆ ಪ್ರತಿಕ್ರಿಯಿಸುವ ವಸ್ತುಗಳ ಜತೆ ಕೆಲಸ ಮಾಡುವ ಇಂದಿನ ಕಲಾವಿದರಲ್ಲಿ ಹಲವರಿಗೆ ಈ ತೊಡಕೇ ಆಕರ್ಷಣೆ. ಯಾಕೆಂದರೆ ಅದು ಕಲೆಯ ಬಗ್ಗೆ ನಾವು ಕೇಳದೇ ಬಿಟ್ಟ ಪ್ರಶ್ನೆಯೊಂದನ್ನು ಎದುರಿಗೆ ತಂದು ನಿಲ್ಲಿಸುತ್ತೆ: ಯಾವ ಚಿತ್ರ ಉಳಿಯಬೇಕು, ಯಾವುದು ಹೋದರೂ ಪರವಾಗಿಲ್ಲ ಅಂತ ನಿರ್ಧರಿಸುವವರು ಯಾರು?

ಬೆಳಕು ಅಳಿಸುತ್ತೆ, ಬೆಳಕೇ ಬರೆಯುತ್ತೆ

ಮೊದಲು ವಿಜ್ಞಾನ. ವಸ್ತುವಿಗೆ ಬಣ್ಣ ಬರುವುದು ಅದರ ಅಣುಗಳು ಬೆಳಕಿನ ಒಂದು ಭಾಗವನ್ನು ಹೀರಿಕೊಂಡು ಉಳಿದದ್ದನ್ನು ಹಿಂದಕ್ಕೆ ಕಳಿಸುವುದರಿಂದ. ಹೀರಿಕೊಂಡ ಶಕ್ತಿ ಕೆಲವೊಮ್ಮೆ ಆ ಅಣುವನ್ನೇ ಮುರಿಯುತ್ತೆ. ಅಣು ಮುರಿದರೆ ಬಣ್ಣ ಹೋಯಿತು. ಬೀಟ್‌ರೂಟ್, ಬಸಳೆ ಹಣ್ಣು, ಪಾಲಕ್ ಸೊಪ್ಪು, ಅರಿಶಿನ ಇವೆಲ್ಲ ಸುಲಭವಾಗಿ ಸೋಲುವ ಬಣ್ಣಗಳು. ಆಂಥೋಟೈಪ್ ಕೆಲಸ ಮಾಡುವುದು ಈ ಸೋಲಿನ ಮೇಲೆಯೇ.

ಇನ್ನೊಂದು ವಿಧಾನ ಇದಕ್ಕೆ ಪೂರ್ತಿ ಉಲ್ಟಾ. ಅದರ ಹೆಸರು ಸಯನೋಟೈಪ್. ಫೆರಿಕ್ ಅಮೋನಿಯಂ ಸಿಟ್ರೇಟ್ ಮತ್ತು ಪೊಟ್ಯಾಷಿಯಂ ಫೆರಿಸಯನೈಡ್ ಎಂಬ ಎರಡು ಲವಣಗಳನ್ನು ನೀರಿನಲ್ಲಿ ಕರಗಿಸಿ, ಬೆರೆಸಿ, ಕತ್ತಲಲ್ಲಿ ಕಾಗದಕ್ಕೋ ಬಟ್ಟೆಗೋ ಬಳಿಯುತ್ತಾರೆ. ಬಿಸಿಲಿನ ಅತಿನೇರಳೆ ಕಿರಣ ಬಿದ್ದ ಕಡೆ ಕಬ್ಬಿಣದ ಸ್ಥಿತಿ ಬದಲಾಗಿ, ಪ್ರಷ್ಯನ್ ಬ್ಲೂ ಎಂಬ ಗಾಢ ನೀಲಿ ಹುಟ್ಟುತ್ತೆ. ನೆರಳಿದ್ದ ಕಡೆಯ ಲವಣ ನೀರಿನಲ್ಲಿ ತೊಳೆದರೆ ಹೊರಟುಹೋಗುತ್ತೆ. ಉಳಿಯುವುದು ನೀಲಿಯ ಮೇಲೆ ಬಿಳಿ ಚಿತ್ರ. ಒಮ್ಮೆ ತೊಳೆದ ಮೇಲೆ ಬೆಳಕಿಗೆ ಬದಲಾಗುವ ಲವಣವೇ ಕಾಗದದ ಮೇಲೆ ಇರಲ್ಲ. ಹಾಗಾಗಿ ಆ ಚಿತ್ರ ಬಾಳುತ್ತೆ. ತೀರಾ ಬಿಸಿಲಿಗೆ ಸ್ವಲ್ಪ ಮಂಕಾದರೂ, ಕೆಲ ದಿನ ಕತ್ತಲಲ್ಲಿಟ್ಟರೆ ನೀಲಿ ಮರಳಿ ಬರುವುದೂ ಉಂಟು.

ಅಂದರೆ ಒಂದರಲ್ಲಿ ಬೆಳಕು ಇರುವ ಬಣ್ಣವನ್ನು ಕಿತ್ತುಕೊಳ್ಳುತ್ತೆ, ಇನ್ನೊಂದರಲ್ಲಿ ಇಲ್ಲದ ಬಣ್ಣವನ್ನು ಹುಟ್ಟಿಸುತ್ತೆ.

ಗೆದ್ದ ನೀಲಿ, ಸೋತ ಹೂವಿನ ರಸ

ಸೋಜಿಗ ಅಂದರೆ ಈ ಎರಡೂ ವಿಧಾನಗಳ ಜತೆ ತಳಕು ಹಾಕಿಕೊಂಡಿರುವುದು ಒಂದೇ ಹೆಸರು, ಒಂದೇ ವರ್ಷ. ಇಂಗ್ಲೆಂಡಿನ ವಿಜ್ಞಾನಿ ಜಾನ್ ಹರ್ಷೆಲ್ 1842ರಲ್ಲಿ ಹೂವು, ಎಲೆಗಳ ರಸದ ಮೇಲೆ ಬೆಳಕಿನ ಪರಿಣಾಮವನ್ನೂ ಕಬ್ಬಿಣದ ಲವಣಗಳ ನೀಲಿಯನ್ನೂ ಪ್ರಕಟಿಸಿದ. ಹೂವಿನ ರಸದ ಚಿತ್ರಕ್ಕೆ ದಿನಗಟ್ಟಲೆ, ವಾರಗಟ್ಟಲೆ ಬಿಸಿಲು ಬೇಕು. ಮೂಡಿದ ಮೇಲೂ ಅದು ನಿಲ್ಲುವುದಿಲ್ಲ. ಹಾಗಾಗಿ ಅದನ್ನು ಜನ ಬದಿಗಿಟ್ಟರು. ನೀಲಿ ಮಾತ್ರ ಗೆದ್ದಿತು.

ಹೇಗೆ ಗೆದ್ದಿತು ಅಂತ ತಿಳಿಯಲು ನಮ್ಮ ಭಾಷೆಯಲ್ಲೇ ಸಾಕ್ಷಿ ಇದೆ. ರಾಜಕಾರಣಿಗಳು ದಿನಕ್ಕೊಮ್ಮೆ ಬಳಸುವ 'ಅಭಿವೃದ್ಧಿಯ ನೀಲನಕ್ಷೆ'ಯಲ್ಲಿ 'ನೀಲ' ಎಲ್ಲಿಂದ ಬಂತು? ಹರ್ಷೆಲ್‌ನ ಈ ವಿಧಾನದಿಂದಲೇ. 19ನೇ ಶತಮಾನದ ಕೊನೆಯ ಭಾಗದಿಂದ ಎಂಜಿನಿಯರುಗಳು ಕಟ್ಟಡ, ಸೇತುವೆ, ಯಂತ್ರಗಳ ನಕ್ಷೆಯನ್ನು ಅಗ್ಗವಾಗಿ ನಕಲು ಮಾಡಲು ಸಯನೋಟೈಪ್ ಬಳಸಿದರು. ನೀಲಿ ಕಾಗದ, ಬಿಳಿ ಗೆರೆ. ವಿಧಾನ ಮರೆಗೆ ಸರಿದರೂ ಪದ ಉಳಿದುಕೊಂಡಿತು. ಯಾವುದು ಉಳಿಯುತ್ತೆ ಅನ್ನುವುದಕ್ಕೆ ಮೊದಲ ಉತ್ತರ ಇಲ್ಲೇ ಸಿಗುತ್ತೆ: ಆಡಳಿತಕ್ಕೂ ಉದ್ಯಮಕ್ಕೂ ಬೇಕಾದದ್ದು ಉಳಿಯುತ್ತೆ.

ಎರಡನೇ ಉತ್ತರ ಹೆಸರುಗಳ ಬಗ್ಗೆ. ಮೇರಿ ಸಮರ್‌ವಿಲ್ ಎಂಬ ವಿಜ್ಞಾನಿ ಸಸ್ಯರಸಗಳ ಮೇಲೆ ಬೆಳಕಿನ ಪರಿಣಾಮದ ಕುರಿತು 1845ರಲ್ಲಿ ಪ್ರಯೋಗ ನಡೆಸಿದಳು. ಆ ಫಲಿತಾಂಶ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಅಚ್ಚಾದದ್ದು ಹರ್ಷೆಲ್‌ಗೆ ಆಕೆ ಬರೆದ ಪತ್ರದ ಆಯ್ದ ಭಾಗವಾಗಿ. ಆ ಸೊಸೈಟಿಗೆ ಮೊದಲ ಬಾರಿ ಮಹಿಳೆಯರು ಸದಸ್ಯರಾಗಿ ಆಯ್ಕೆಯಾಗಿದ್ದು ಸರಿಯಾಗಿ ನೂರು ವರ್ಷದ ನಂತರ, 1945ರಲ್ಲಿ. ಇನ್ನು ಸಸ್ಯಶಾಸ್ತ್ರದ ಹವ್ಯಾಸಿ ಆನಾ ಅಟ್ಕಿನ್ಸ್ 1843ರಿಂದಲೇ ಸಮುದ್ರದ ಪಾಚಿಗಳನ್ನು ನೇರ ಕಾಗದದ ಮೇಲಿಟ್ಟು ನೀಲಿ ಚಿತ್ರಗಳ ಪುಸ್ತಕ ತರತೊಡಗಿದಳು. ಛಾಯಾಚಿತ್ರಗಳಿರುವ ಮೊದಲ ಪುಸ್ತಕ ಅದೇ ಅಂತ ಇವತ್ತು ಸಾಮಾನ್ಯವಾಗಿ ಒಪ್ಪುತ್ತಾರೆ. ಅವಳು ಹಾಕಿಕೊಂಡಿದ್ದು 'ಎ.ಎ.' ಎಂಬ ಇನಿಷಿಯಲ್ ಮಾತ್ರ. ಮುಂದೆ ಅದನ್ನು 'ಅನಾಮಧೇಯ ಹವ್ಯಾಸಿ' ಎಂದು ಓದಿದವರೂ ಇದ್ದರು. ಚಿತ್ರ ಮಾಸಲಿಲ್ಲ, ಹೆಸರು ಮಾಸಿತ್ತು.

ಇದು ಹಳೇ ಕಾಲದ ಕತೆಯಷ್ಟೇ ಅಲ್ಲ. 1950ರ ಸುಮಾರಿಗೆ ಅಮೆರಿಕದ ರಾಬರ್ಟ್ ರೌಷೆನ್‌ಬರ್ಗ್ ಮತ್ತು ಸೂಸನ್ ವೈಲ್ ದೊಡ್ಡ ನೀಲನಕ್ಷೆ ಕಾಗದದ ಮೇಲೆ ಮನುಷ್ಯರನ್ನೇ ಮಲಗಿಸಿ, ದೀಪದ ಬೆಳಕು ಹಾಯಿಸಿ, ಆಳೆತ್ತರದ ಚಿತ್ರಗಳನ್ನು ಮಾಡಿದರು. ಕಚೇರಿಯ ಕಾಗದ ಕ್ಯಾನ್ವಾಸ್ ಆಯಿತು. ಈ ವಿಧಾನವನ್ನು ರೌಷೆನ್‌ಬರ್ಗ್‌ಗೆ ತೋರಿಸಿಕೊಟ್ಟವರು ವೈಲ್. ಆದರೆ ಈ ಚಿತ್ರಗಳ ಮಾತು ಬಂದಾಗ ಮೊದಲು ನೆನಪಾಗುವ ಹೆಸರು ಯಾರದ್ದು ಅಂತ ಬೇರೆ ಹೇಳಬೇಕಾಗಿಲ್ಲ.

ಎಲೆಯ ಮೇಲೆ ಸತ್ತವರ ಮುಖ

ಮಾಸುವ ಗುಣವನ್ನೇ ರಾಜಕೀಯ ಭಾಷೆಯಾಗಿ ಬಳಸಿದ ಕಲಾವಿದ ಬೇಕಿದ್ದರೆ ಬಿನ್ ಡಾನ್ ಅವರನ್ನು ನೋಡಬೇಕು. ವಿಯೆಟ್ನಾಮಿನಲ್ಲಿ ಹುಟ್ಟಿ, ಚಿಕ್ಕವರಿದ್ದಾಗಲೇ ಕುಟುಂಬದ ಜತೆ ಅಮೆರಿಕ ಸೇರಿದವರು. ಹಸಿ ಎಲೆಯ ಮೇಲೆ ಪಾರದರ್ಶಕ ಹಾಳೆಯಲ್ಲಿರುವ ಛಾಯಾಚಿತ್ರ ಇಟ್ಟು, ಗಾಜಿನಡಿ ಬಿಗಿದು, ಬಿಸಿಲಲ್ಲಿಡುತ್ತಾರೆ. ಬೆಳಕು ತಾಗಿದ ಕಡೆ, ತಾಗದ ಕಡೆ ಎಲೆಯ ಹಸಿರು ಬೇರೆ ಬೇರೆಯಾಗಿ ಬದಲಾಗಿ, ಎಲೆಯಲ್ಲೇ ಚಿತ್ರ ಮೂಡುತ್ತೆ. ಅವರು ಮೂಡಿಸಿದ್ದು ವಿಯೆಟ್ನಾಂ ಯುದ್ಧದಲ್ಲಿ ಸತ್ತ ಸೈನಿಕರ ಮುಖಗಳನ್ನು. ಕಾಂಬೋಡಿಯಾದ ಖಮೇರ್ ರೂಜ್ ಆಡಳಿತ ತುವೋಲ್ ಸ್ಲೆಂಗ್ ಜೈಲಿನಲ್ಲಿ ಸಾವಿಗೆ ಕಳಿಸುವ ಮುನ್ನ ತೆಗೆಸಿದ್ದ ಕೈದಿಗಳ ಮುಖಗಳನ್ನು.

ಆ ಕೈದಿಗಳ ಫೋಟೊಗಳನ್ನು ತೆಗೆದದ್ದು ಪ್ರಭುತ್ವ, ತನ್ನ ಕಡತಕ್ಕಾಗಿ. ಕಡತದಲ್ಲಿ ಆ ಮುಖಗಳು ಭದ್ರವಾಗಿ ಉಳಿದವು, ಮನುಷ್ಯರು ಉಳಿಯಲಿಲ್ಲ. ಬಿನ್ ಡಾನ್ ಅದೇ ಮುಖಗಳನ್ನು ಬಾಡಿ ಉದುರುವ ಎಲೆಗೆ ತಂದಾಗ ಕಡತದ ಗಟ್ಟಿತನ ಕಳಚಿ ಬೀಳುತ್ತೆ. ನೋಡುವವರಿಗೆ ಆ ಮುಖವನ್ನು ಕಾಪಾಡಬೇಕು ಅನ್ನಿಸುತ್ತೆ. ಅವರೂ ಎಲೆಗಳನ್ನು ರೆಸಿನ್‌ನಲ್ಲಿ ಅದ್ದಿ ಗಟ್ಟಿಗೊಳಿಸುತ್ತಾರೆ. ನೆನಪು ತಾನಾಗಿ ಉಳಿಯುವುದಿಲ್ಲ, ಯಾರಾದರೂ ಕೆಲಸ ಮಾಡಿ ಉಳಿಸಬೇಕು ಎಂಬುದನ್ನು ಇಷ್ಟು ನೇರವಾಗಿ ಹೇಳುವ ಇನ್ನೊಂದು ಮಾಧ್ಯಮ ಸಿಗುವುದು ಕಷ್ಟ.

'ನ್ಯಾಚುರಲ್' ಅಂದಾಕ್ಷಣ ಪುಣ್ಯ ಬರಲ್ಲ

ಈಗ ಗ್ಯಾಲರಿ, ಬಟ್ಟೆ ಅಂಗಡಿ, ಇನ್‌ಸ್ಟಾಗ್ರಾಂ ಎಲ್ಲೆಲ್ಲೂ 'ನೈಸರ್ಗಿಕ ಬಣ್ಣ' ಒಂದು ಪುಣ್ಯದ ಪದ. ಇಲ್ಲಿ ಸ್ವಲ್ಪ ತಡೆಯೋಣ. ನಮ್ಮ ಹಳೆಯ ಚಿತ್ರಕಾರರು ಬಳಸುತ್ತಿದ್ದ ಹರಿತಾಳ ನೆಲದಿಂದ ಬಂದ ಅಪ್ಪಟ ನೈಸರ್ಗಿಕ ಹಳದಿ. ಅದು ಆರ್ಸೆನಿಕ್ ಸಲ್ಫೈಡ್, ವಿಷ. ಬೆಳಕಿಗೆ ಅದೂ ಬಿಳಿಚಿಕೊಳ್ಳುತ್ತೆ. ಇಂಗಳೀಕದ ಕೆಂಪು ಪಾದರಸದ ಸಲ್ಫೈಡ್. ಬೆಳಕಿಗೆ ಕಪ್ಪಾಗುವ ಗುಣ ಅದಕ್ಕಿದೆ. ಅದನ್ನು ಅರೆದವರ ಶ್ವಾಸಕೋಶದ ಲೆಕ್ಕ ಯಾರೂ ಇಟ್ಟಿಲ್ಲ.

ಇದಕ್ಕಿಂತ ದೊಡ್ಡ ಉದಾಹರಣೆ ನೀಲಿ ಗಿಡ. ಗಿಡದ ಬಣ್ಣಗಳ ಪೈಕಿ ಅರಿಶಿನ ಬಿಸಿಲಿಗೆ ಒಂದು ದಿನವೂ ತಾಳಲ್ಲ. ಬಟ್ಟೆಗೆ ಹತ್ತಿದ ನೀಲಿ ವರ್ಷಗಟ್ಟಲೆ ತಾಳುತ್ತೆ. ಬಾಳಿಕೆ ಬರುವ ಬಣ್ಣ ಆದ್ದರಿಂದಲೇ ಅದಕ್ಕೆ ಬೆಲೆ. ಬೆಲೆ ಇದ್ದದ್ದರಿಂದಲೇ ಯುರೋಪಿನ ತೋಟಮಾಲೀಕರು ಬಂಗಾಳದ ರೈತರಿಗೆ ಸಾಲದ ಉರುಳು ಹಾಕಿ ಭತ್ತದ ಗದ್ದೆಯಲ್ಲಿ ನೀಲಿ ಬೆಳೆಸಿದರು. 1859-60ರಲ್ಲಿ ರೈತರು ನೀಲಿ ಬಿತ್ತಲ್ಲ ಅಂತ ಎದ್ದು ನಿಂತರು. ಅದರ ಬಗ್ಗೆ ದೀನಬಂಧು ಮಿತ್ರ 'ನೀಲ ದರ್ಪಣ' ನಾಟಕ ಬರೆದರು. ಅದರ ಇಂಗ್ಲಿಷ್ ಅನುವಾದ ಪ್ರಕಟಿಸಿದ ತಪ್ಪಿಗೆ ಪಾದ್ರಿ ಜೇಮ್ಸ್ ಲಾಂಗ್ 1861ರಲ್ಲಿ ಒಂದು ತಿಂಗಳು ಜೈಲು, 1000 ರೂಪಾಯಿ ದಂಡ ಅನುಭವಿಸಬೇಕಾಯಿತು.

ಬಿಹಾರದ ಚಂಪಾರಣ್‌ನಲ್ಲಿ ಪ್ರತಿ 20 ಕಠಾ ಜಮೀನಿನಲ್ಲಿ 3 ಕಠಾ ನೀಲಿಗೆ ಬಿಡಲೇಬೇಕಿತ್ತು. 'ತೀನ್‌ಕಠಿಯಾ' ಅಂದರೆ ಅದೇ. 1897ರಲ್ಲಿ ಜರ್ಮನಿಯ ಬಿಎಎಸ್‌ಎಫ್ ಕಂಪನಿ ಕೃತಕ ನೀಲಿಯನ್ನು ಮಾರುಕಟ್ಟೆಗೆ ತಂದಾಗ ಗಿಡದ ನೀಲಿಯ ಬೆಲೆ ಕುಸಿಯಿತು. ರೈತ ಬಿಡುಗಡೆಯಾದನೇ? ಇಲ್ಲ. ನೀಲಿ ಬೆಳೆಯುವ ಹೊಣೆಯಿಂದ ಬಿಡಬೇಕಾದರೆ ಹೆಚ್ಚು ಗೇಣಿ ಕೊಡು, ಇಲ್ಲಾ ಇಡಿಗಂಟು ಕೊಡು ಅಂತ ಮಾಲೀಕರು ಹಿಂಡಿದರು. 1917ರಲ್ಲಿ ಗಾಂಧಿ ಅಲ್ಲಿಗೆ ಹೋದ ಹಿನ್ನೆಲೆ ಇದು. ಬಣ್ಣ ಗಿಡದಿಂದ ಕಾರ್ಖಾನೆಗೆ ಬದಲಾಯಿತು, ಹೊರೆ ಮಾತ್ರ ಅದೇ ಹೆಗಲ ಮೇಲೆ ಉಳಿಯಿತು. ಹಾಗಾಗಿ ಬಣ್ಣ ಗಿಡದ್ದೋ ಕಾರ್ಖಾನೆಯದ್ದೋ ಅನ್ನುವಷ್ಟಕ್ಕೇ ಪ್ರಶ್ನೆ ಮುಗಿಯಲ್ಲ. ಬೆಳೆದವರಿಗೆ, ಅರೆದವರಿಗೆ, ಬಳಿದವರಿಗೆ ಏನು ಸಿಕ್ಕಿತು ಅನ್ನುವುದನ್ನೂ ಕೇಳಬೇಕು.

ಶ್ರೀಮಂತರ ಚಿತ್ರ ಮಾಸಿದರೆ

ಕೃತಕ ಬಣ್ಣವಾದರೆ ಶಾಶ್ವತ ಅಂತಲೂ ಅಲ್ಲ. ಅಮೆರಿಕದ ಹೆಸರಾಂತ ಚಿತ್ರಕಾರ ಮಾರ್ಕ್ ರಾಥ್ಕೊ 1960ರ ದಶಕದಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಊಟದ ಸಭಾಂಗಣವೊಂದಕ್ಕೆ ಭಾರೀ ಚಿತ್ರಗಳನ್ನು ಮಾಡಿಕೊಟ್ಟರು. ಅದರಲ್ಲಿ ಬಳಸಿದ್ದ ಲಿಥಾಲ್ ರೆಡ್ ಎಂಬ ಕೃತಕ ಕೆಂಪು, ದೊಡ್ಡ ಕಿಟಕಿಗಳಿಂದ ಬಂದ ಬಿಸಿಲಿಗೆ ಮಾಸಿಹೋಯಿತು. 1979ರಲ್ಲಿ ಚಿತ್ರಗಳನ್ನು ಕೆಳಗಿಳಿಸಿ ಕತ್ತಲ ಕೋಣೆಗೆ ಸೇರಿಸಿದರು. 2014ರಲ್ಲಿ ಮತ್ತೆ ಪ್ರದರ್ಶನಕ್ಕಿಟ್ಟಾಗ ಯಾರೂ ಅದರ ಮೇಲೆ ಕುಂಚ ಆಡಿಸಲಿಲ್ಲ. ಎಲ್ಲಿ ಎಷ್ಟು ಬಣ್ಣ ಹೋಗಿದೆ ಅಂತ ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ, ಅಷ್ಟೇ ಬಣ್ಣದ ಬೆಳಕನ್ನು ಪ್ರೊಜೆಕ್ಟರಿನಿಂದ ಚಿತ್ರದ ಮೇಲೆ ಬಿಟ್ಟರು. ಬೆಳಕು ಕೆಡಿಸಿದ್ದನ್ನು ಬೆಳಕಿನಿಂದಲೇ ತುಂಬಿದರು.

ಅದ್ಭುತ ಕೆಲಸ, ಅನುಮಾನವೇ ಇಲ್ಲ. ಆದರೆ ಇದರ ಹಿಂದೆ ವಿಜ್ಞಾನಿಗಳ ತಂಡ, ವರ್ಷಗಟ್ಟಲೆ ಸಮಯ, ದೊಡ್ಡ ಸಂಸ್ಥೆಯ ಬೊಕ್ಕಸ ಇತ್ತು. ಕಾಗದ, ಬಟ್ಟೆ ಮೇಲಿನ ಕೃತಿಗಳಿಗೆ ಮ್ಯೂಸಿಯಂಗಳು ಸಾಮಾನ್ಯವಾಗಿ 50 ಲಕ್ಸ್‌ಗಿಂತ ಹೆಚ್ಚು ಬೆಳಕು ಬೀಳದಂತೆ ನೋಡಿಕೊಳ್ಳುತ್ತವೆ. ಇಂಥ ಕಾಳಜಿ ಯಾವ ಚಿತ್ರಗಳಿಗೆ ಸಿಗುತ್ತೆ? 'ಶಾಶ್ವತ' ಅನ್ನುವುದು ಬಣ್ಣದ ಗುಣವಾಗಿರುವಷ್ಟೇ ಬಜೆಟ್ಟಿನ ಗುಣವೂ ಹೌದು.

ಸಾಗರದ ಕೆಮ್ಮಣ್ಣು, ಅಡಿಕೆ ಚೊಗರು

ಇದಕ್ಕೆ ಬೇರೆಯದೇ ಉತ್ತರ ಕಂಡುಕೊಂಡವರು ನಮ್ಮ ಮಲೆನಾಡಿನಲ್ಲಿದ್ದಾರೆ. ಶಿವಮೊಗ್ಗ ಜಿಲ್ಲೆಯ ಸಾಗರ ಸೀಮೆಯ ದೀವರ ಹೆಣ್ಣುಮಕ್ಕಳು ಬರೆಯುವ ಹಸೆ ಚಿತ್ತಾರ ನೋಡಿ. ಗೋಡೆಗೆ ಕೆಮ್ಮಣ್ಣು, ಬಿಳಿಗೆ ಅಕ್ಕಿ ಹಿಟ್ಟು, ಕಪ್ಪಿಗೆ ಹುರಿದು ಸುಟ್ಟ ಅಕ್ಕಿ, ಹಳದಿಗೆ ಗುರಿಗೆ ಕಾಯಿ, ಕುಂಚಕ್ಕೆ ಪುಂಡಿ ನಾರು. ಮದುವೆಗೆ ಗೋಡೆಯ ಮೇಲೆ, ಭೂಮಿ ಹುಣ್ಣಿಮೆಗೆ ಬುಟ್ಟಿಯ ಮೇಲೆ. ಕಾಲಕ್ರಮೇಣ ಅದು ಮಾಸುತ್ತೆ. ಮಾಸಲಿ ಬಿಡಿ, ಮುಂದಿನ ಹಬ್ಬಕ್ಕೆ, ಮುಂದಿನ ಮದುವೆಗೆ ಮತ್ತೆ ಬರೀತಾರೆ. ಇಲ್ಲಿ ಉಳಿಯುವುದು ಕೈ, ಗೆರೆ, ಕಲಿಸುವಿಕೆ. ಒಂದು ನಿರ್ದಿಷ್ಟ ಗೋಡೆ ಉಳಿಯಬೇಕು ಅನ್ನುವ ಹಟ ಇಲ್ಲ.

ಇದೇ ಸಾಗರ ತಾಲೂಕಿನಲ್ಲಿ 1951ರಲ್ಲಿ ಕಾಗೋಡು ಸತ್ಯಾಗ್ರಹ ನಡೆಯಿತು. ಭೂಮಾಲೀಕರ ವಿರುದ್ಧ ಎದ್ದು ನಿಂತ ಗೇಣಿದಾರರು ಇದೇ ದೀವರು. ಅಂದರೆ ಆ ಗೆರೆಗಳನ್ನು ಬರೆದ ಗೋಡೆಯ ಅಡಿಯ ನೆಲಕ್ಕೂ ಹೋರಾಡಬೇಕಾಗಿ ಬಂದ ಸಮುದಾಯ ಅದು. ಇವತ್ತು ಚಿತ್ತಾರ ಕಾಗದಕ್ಕೆ, ಕ್ಯಾನ್ವಾಸಿಗೆ, ಸೀರೆಯ ಸೆರಗಿಗೆ ಬಂದಿದೆ. ಕೊಳ್ಳುವವರು ಸಹಜವಾಗಿ ಕೇಳುವ ಮೊದಲ ಪ್ರಶ್ನೆ, "ಬಣ್ಣ ಹೋಗಲ್ಲ ತಾನೆ?" ಆ ಪ್ರಶ್ನೆಗೆ ಉತ್ತರವಾಗಿ ಅಕ್ಕಿ ಹಿಟ್ಟಿನ ಜಾಗಕ್ಕೆ ಅಕ್ರಿಲಿಕ್ ಬಂದರೆ ಬರೆದವರನ್ನು ದೂರುವ ಹಕ್ಕು ನಮಗಿಲ್ಲ. ಮಾರುಕಟ್ಟೆ ಕೊಳ್ಳುವುದು ವಸ್ತುವನ್ನು. ವಸ್ತು ಬಾಳಿಕೆ ಬಾರದಿದ್ದರೆ ಬೆಲೆ ಇಲ್ಲ.

ಅದೇ ತಾಲೂಕಿನ ಹೆಗ್ಗೋಡಿನ ಹತ್ತಿರ ಚರಕ ಎಂಬ ಮಹಿಳಾ ಸಹಕಾರ ಸಂಘ ನೈಸರ್ಗಿಕ ಬಣ್ಣದ ಕೈಮಗ್ಗದ ಬಟ್ಟೆಗೆ ಹೆಸರಾಗಿದೆ. ಅಲ್ಲಿಯ ಒಂದು ಬಣ್ಣ ಅಡಿಕೆ ಬೇಯಿಸಿದಾಗ ಸಿಗುವ ಚೊಗರು. ಚರಕದ ಹಿಂದಿದ್ದ ರಂಗಕರ್ಮಿ ಪ್ರಸನ್ನ 2017ರಲ್ಲಿ ಕೈ ಉತ್ಪನ್ನಗಳ ಮೇಲಿನ ಜಿಎಸ್‌ಟಿ ವಿರೋಧಿಸಿ ಉಪವಾಸ ಕೂತದ್ದು ನೆನಪಿರಬಹುದು. ಕೈಯಿಂದ ಹುಟ್ಟುವ ಬಣ್ಣವನ್ನು ಹೊಗಳುವುದು ಸುಲಭ, ಅದಕ್ಕೆ ಬದುಕಲು ಬೇಕಾದ ತೆರಿಗೆ ನೀತಿ ಕೇಳುವುದು ಕಷ್ಟ ಎಂಬುದನ್ನು ಆ ಉಪವಾಸ ತೋರಿಸಿತು.

ಚೊಗರಿಗೂ ನಮ್ಮ ನೀಲಿ ಚಿತ್ರಕ್ಕೂ ನೇರ ನಂಟಿದೆ. ಬಾಳೆಕಾಯಿ ಹೆಚ್ಚುವಾಗ ಕಬ್ಬಿಣದ ಕತ್ತಿ ಕಪ್ಪಾಗುವುದು ಚೊಗರು ಮತ್ತು ಕಬ್ಬಿಣ ಸೇರಿ. ಸಯನೋಟೈಪ್‌ನಲ್ಲಿ ಇರುವುದೂ ಕಬ್ಬಿಣವೇ. ನೀಲಿ ಚಿತ್ರವನ್ನು ತಿಳಿಯಾದ ವಾಷಿಂಗ್ ಸೋಡಾ ನೀರಿನಲ್ಲಿ ಪೇಲವಗೊಳಿಸಿ, ತೊಳೆದು, ಗಟ್ಟಿ ಟೀ ಡಿಕಾಕ್ಷನ್‌ನಲ್ಲಿ ನೆನೆಸಿದರೆ ಅದು ಕಂದು-ಕಪ್ಪಾಗುತ್ತೆ. ಟೀ ಜಾಗಕ್ಕೆ ಅಡಿಕೆ ಚೊಗರು, ಅಳಲೆಕಾಯಿ ಕಷಾಯ ಹಾಕಿ ನೋಡುವುದಕ್ಕೆ ಯಾರ ಅನುಮತಿಯೂ ಬೇಕಿಲ್ಲ. ಬೆಳಕಿನ ಚಿತ್ರ ನೆಲದ ಬಣ್ಣಕ್ಕೆ ಸೇರುವ ಜಾಗ ಇದು.

ನೀವೇ ಮಾಡಿ ನೋಡಬೇಕಾ?

ಹಾಸ್ಟೆಲ್ ಟೆರೇಸ್ ಸಾಕು. ಎರಡು ಚಮಚ ಅರಿಶಿನ ಪುಡಿಯನ್ನು ಸರ್ಜಿಕಲ್ ಸ್ಪಿರಿಟ್‌ನಲ್ಲಿ ಕಲಸಿ, ಬಟ್ಟೆಯಲ್ಲಿ ಸೋಸಿ. ಸ್ಪಿರಿಟ್ ಬೇಗ ಹೊತ್ತಿಕೊಳ್ಳುತ್ತೆ, ಬೆಂಕಿಯ ಹತ್ತಿರ ಬೇಡ. ದಪ್ಪ ಡ್ರಾಯಿಂಗ್ ಹಾಳೆಗೆ ಬಳಿದು, ಕತ್ತಲಲ್ಲಿ ಒಣಗಿಸಿ. ಮೇಲೆ ಎಲೆ, ಅಕ್ಷರ ಕತ್ತರಿಸಿದ ಕಪ್ಪು ಕಾಗದ ಅಥವಾ ಪಾರದರ್ಶಕ ಹಾಳೆಯ ಮೇಲೆ ಪ್ರಿಂಟ್ ತೆಗೆಸಿದ ಫೋಟೊ ಇಟ್ಟು, ಗಾಜು ಮುಚ್ಚಿ, ಕ್ಲಿಪ್ ಹಾಕಿ. ನಮ್ಮ ಬೇಸಿಗೆಯಲ್ಲಿ ಕೆಲವು ಗಂಟೆಗಳಲ್ಲಿ ವ್ಯತ್ಯಾಸ ಕಾಣುತ್ತೆ. ಬಸಳೆ ಹಣ್ಣು, ಪಾಲಕ್ ಆದರೆ ದಿನಗಳು, ಕೆಲವೊಮ್ಮೆ ವಾರಗಳು. ಅರಿಶಿನದ ಚಿತ್ರದ ಮೇಲೆ ಕೊನೆಗೆ ತಿಳಿ ಸುಣ್ಣದ ನೀರು ಬಳಿದರೆ ಹಳದಿ ಕೆಂಪಗಾಗುತ್ತೆ. ಆರತಿಯ ಓಕುಳಿ ಕೆಂಪಾಗುವುದೂ ಹೀಗೇ.

ಸಯನೋಟೈಪ್ ಮಾಡುವುದಾದರೆ ಕೈಗವಸು ಹಾಕಿ, ಅಡುಗೆ ಪಾತ್ರೆ ಬಳಸಬೇಡಿ. ಪೊಟ್ಯಾಷಿಯಂ ಫೆರಿಸಯನೈಡ್‌ಗೆ ಆಸಿಡ್ ಸೇರಿಸುವುದು, ಅದನ್ನು ಕಾಯಿಸುವುದು ಅಪಾಯ, ವಿಷಾನಿಲ ಬರುತ್ತೆ. ಉಳಿದಂತೆ ಮಧ್ಯಾಹ್ನದ ಬಿಸಿಲಿಗೆ ಹತ್ತು-ಹದಿನೈದು ನಿಮಿಷ, ಆಮೇಲೆ ನಲ್ಲಿ ನೀರು, ಅಷ್ಟೇ.

ಹಾಗಾದರೆ ಏನು ಕೇಳಬೇಕು?

'ಪರಿಸರಸ್ನೇಹಿ ಕಲೆ' ಎಂಬ ಬ್ಯಾನರ್ ಕಂಡಾಗ ಮೂರು ಪ್ರಶ್ನೆ ಕೇಳೋಣ. ಬಣ್ಣ ಬೆಳೆದವರು, ತಯಾರಿಸಿದವರು ಯಾರು, ಅವರಿಗೆ ಎಷ್ಟು ಸಿಕ್ಕಿತು? ವಿಧಾನ ಯಾರಿಂದ ಕಲಿತದ್ದು, ಅವರ ಹೆಸರು ಫಲಕದಲ್ಲಿ ಇದೆಯಾ? ಚಿತ್ರ ಮಾಸಿದಾಗ ಮತ್ತೆ ಬರೆಯಲು ಹಣ ಇಟ್ಟಿದ್ದಾರಾ?

ಮೂರನೇ ಪ್ರಶ್ನೆ ಸರ್ಕಾರಕ್ಕೆ ಹೆಚ್ಚು ಅನ್ವಯಿಸುತ್ತೆ. ಸಾರ್ವಜನಿಕ ಗೋಡೆಗಳ ಮೇಲೆ ಚಿತ್ತಾರ ಬರೆಸುವಾಗ ಒಮ್ಮೆ ಬರೆಸಿ, ಬಿಲ್ ಪಾಸು ಮಾಡಿ, ಫೋಟೊ ಹಾಕಿಕೊಂಡರೆ ಕೆಲಸ ಮುಗಿಯಿತು ಅನ್ನುವ ಪದ್ಧತಿ ಬದಲಾಗಬೇಕು. ಅಕ್ಕಿ ಹಿಟ್ಟಿನಲ್ಲೇ ಬರೆಯಲಿ, ಮಾಸಲಿ, ವರ್ಷಕ್ಕೊಮ್ಮೆ ಅದೇ ಊರಿನ ಹೆಣ್ಣುಮಕ್ಕಳು ಬಂದು ಮತ್ತೆ ಬರೆಯಲಿ. ಅವರ ಜತೆ ಶಾಲೆಯ ಹುಡುಗ ಹುಡುಗಿಯರೂ ಕೂತು ಕಲಿಯಲಿ. ಪ್ರತಿ ಸಲವೂ ಅವರಿಗೆ ಕೂಲಿ ಸಿಗಲಿ, ಗೋಡೆಯ ಮೂಲೆಯಲ್ಲಿ ಅವರ ಹೆಸರೂ ಇರಲಿ. ಹೆಸರನ್ನು ಮಾತ್ರ ಮಾಸದ ಬಣ್ಣದಲ್ಲಿ ಬರೆಸಿ.